ಹಳೇ ಮನೆಗೆ ಮರದ ನೆಲ: ಬಣ್ಣ ಆಮೇಲೆ ನೋಡೋಣ, ಮೊದಲು ತೇವ ನೋಡಿ

ಚೆಟ್ಟಳ್ಳಿ ಕಡೆಯ ಕಾಫಿ ತೋಟದ ಮನೆಗಳಲ್ಲಿ ಈಗ ಈ ಮಾತು ಸಾಮಾನ್ಯ. ಮಗನೋ ಮಗಳೋ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಊರಿನ ಹಳೇ ಮನೆಯಲ್ಲಿ. ರಜೆಗೆ ಬಂದಾಗ ಕೆಂಪು ನೆಲದಲ್ಲಿ ಬಿದ್ದ ಬಿರುಕು ಕಣ್ಣಿಗೆ ಬೀಳುತ್ತೆ, ಬೆಳಗ್ಗೆ ಎದ್ದು ಕಾಲಿಟ್ಟರೆ ಮಂಜುಗಡ್ಡೆ ಮುಟ್ಟಿದ ಹಾಗಾಗುತ್ತೆ. ವಾಪಸ್ ಹೋಗುವಾಗ ಬಸ್ಸಿನಲ್ಲೇ ಮೊಬೈಲಿನಲ್ಲಿ ಹುಡುಕಾಟ ಶುರು. ಓಕ್ ಬಣ್ಣ, ವಾಲ್‌ನಟ್ ಬಣ್ಣ, ‘ಒಂದೇ ದಿನದಲ್ಲಿ ಹೊಸ ಮನೆ’. ಫೋಟೋ ಫ್ಯಾಮಿಲಿ ಗ್ರೂಪಿಗೆ ಬರುತ್ತೆ, ಅಮ್ಮ ಹೆಬ್ಬೆರಳು ಎತ್ತಿದ ಇಮೋಜಿ ಹಾಕ್ತಾರೆ, ಆರ್ಡರ್ ಹೋಗಿಬಿಡುತ್ತೆ.

ಹಾಕಿಸೋದು ಮಾರ್ಚಿನಲ್ಲಿ. ನೋಡೋಕೆ ಚೆಂದ. ನಿಜವಾದ ಪರೀಕ್ಷೆ ಇರೋದು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಡಿಕೇರಿಯ ಪಕ್ಕದೂರು ಇದು. ಬಟ್ಟೆ ವಾರವಾದರೂ ಒಣಗಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ. ಅದೇ ಹೊತ್ತಿಗೆ ಹೊಸ ನೆಲದ ಅಂಚು ಉಬ್ಬೋಕೆ, ಹಲಗೆ ಮಧ್ಯೆ ಕಪ್ಪು ಗೆರೆ ಕಾಣೋಕೆ ಶುರುವಾದರೆ ಖರ್ಚು ಮಾಡಿದ ದುಡ್ಡೂ ಹೋಯ್ತು, ಕೆಳಗಿದ್ದ ಹಳೇ ನೆಲವೂ ಹೋಯ್ತು.

ಹಾಗಂತ ಹಳೇ ಮನೆಗೆ ಮರದ ನೆಲ ಆಗೋದೇ ಇಲ್ಲ ಅಂತಲ್ಲ. ಆರಿಸುವ ಕ್ರಮ ಬದಲಾಗಬೇಕು, ಅಷ್ಟೇ.

ಮೊದಲ ಪ್ರಶ್ನೆ: ಯಾಕೆ ಬೇಕು?

ತಮಾಷೆ ಅಲ್ಲ, ಉತ್ತರ ಇಲ್ಲೇ ಇದೆ. ‘ಅಪ್ಪ ಅಮ್ಮನಿಗೆ ಕಾಲು ಥಂಡಿ ಹಿಡಿಯುತ್ತೆ’ ಅನ್ನೋದು ಕಾರಣವಾದರೆ ಮರದ ಡಿಸೈನಿನ ಟೈಲ್ಸ್ ಹಾಕಿಸಿ ಪ್ರಯೋಜನವಿಲ್ಲ. ಕಣ್ಣಿಗೆ ಅದು ಮರ, ಕಾಲಿಗೆ ಕಲ್ಲೇ. ಟೈಲ್ಸು, ಸಿಮೆಂಟು, ಕಲ್ಲು ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತವೆ. ಮರ ನಿಧಾನಕ್ಕೆ ಎಳೆದುಕೊಳ್ಳುತ್ತೆ, ಅದಕ್ಕೇ ಬೆಚ್ಚಗಿದೆ ಅನಿಸೋದು.

‘ಬಿರುಕು ಮುಚ್ಚಬೇಕು’ ಅನ್ನೋದಾದರೆ, ಬಿರುಕು ಯಾಕೆ ಬಂತು ಅಂತ ನೋಡಬೇಕು. ಕೂದಲೆಳೆಯಂಥ ಹಳೇ ಬಿರುಕಿಗೆ ಹೆದರಬೇಕಿಲ್ಲ. ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಒಂದು ಬದಿ ತಗ್ಗುತ್ತಿದ್ದರೆ, ಅಡಿಯ ಮಣ್ಣು ಕುಸಿಯುತ್ತಿದೆ ಅಂತ ಅರ್ಥ. ಅದರ ಮೇಲೆ ಏನು ಹಾಸಿದರೂ ಕಾಯಿಲೆ ಮೇಲೆ ಕಂಬಳಿ ಹೊದಿಸಿದ ಹಾಗೆ. ಮೊದಲು ಇಂಜಿನಿಯರ್ ಕರೆಸಿ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಹೋಮ್‌ಸ್ಟೇ ಮಾಡ್ತೀವಿ, ಚೆಂದ ಕಾಣಬೇಕು’ ಅನ್ನೋದಾದರೆ ಲೆಕ್ಕವೇ ಬೇರೆ. ಕೆಸರಿನ ಶೂ, ಎಳೆದಾಡುವ ಟ್ರಾಲಿ ಬ್ಯಾಗು, ಒದ್ದೆ ಜರ್ಕಿನ್ ಎಲ್ಲವನ್ನೂ ತಡೆದುಕೊಳ್ಳುವ ನೆಲ ಬೇಕು.

ಅಡಿಯಲ್ಲಿ ಏನಿದೆ ಗೊತ್ತಾ?

ಈಗಿನ ಮನೆಗಳಲ್ಲಿ ಮಣ್ಣಿನ ತೇವ ಮೇಲೇರದ ಹಾಗೆ ಪಾಯದ ಮೇಲೆ ಒಂದು ತಡೆಪದರ, ನೆಲದಡಿ ಕಾಂಕ್ರೀಟು ಇರುತ್ತೆ. ಅರವತ್ತು, ಎಂಬತ್ತು ವರ್ಷದ ಮನೆಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಗುದ್ದಿ ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಕಲ್ಲುಚೂರು, ಸುಣ್ಣದ ಗಾರೆ, ಮೇಲೆ ತೆಳ್ಳಗೆ ಸಿಮೆಂಟು ಮತ್ತು ಕೆಂಪು ಆಕ್ಸೈಡ್. ಮಳೆಗಾಲದಲ್ಲಿ ಮಣ್ಣಿನ ತೇವ ನಿಧಾನಕ್ಕೆ ಮೇಲೇರಿ, ಇಷ್ಟಿಷ್ಟೇ ಗಾಳಿಗೆ ಹೋಗುತ್ತಿರುತ್ತೆ. ನಿಮಗೆ ಅದು ಕಾಣಿಸೋದೇ ಇಲ್ಲ.

ಅದರ ಮೇಲೆ ಉಸಿರಾಡದ ಹಾಸು ಬಂದರೆ ಹೊರಗೆ ಹೋಗಲು ದಾರಿ ಇಲ್ಲ. ತೇವ ಅಡಿಯಲ್ಲೇ ನಿಲ್ಲುತ್ತೆ, ಇಲ್ಲಾ ಪಕ್ಕಕ್ಕೆ ಸರಿದು ಗೋಡೆ ಹತ್ತುತ್ತೆ. ಹಿಂದೆಲ್ಲ ಪಿವಿಸಿ ಶೀಟು ಹಾಸಿದ್ದ ಮನೆಗಳನ್ನು ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ಶೀಟಿನ ಮೂಲೆ ಎತ್ತಿದರೆ ಅಡಿಯಲ್ಲಿ ಬೆವರು, ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಅದೇ ಪಾಠ ಇಲ್ಲಿಗೂ.

ಇನ್ನೊಂದು ವಿಷಯ ಮನೆ ಹಿಂದಿನ ಬರೆ. ಇಲ್ಲಿನ ಎಷ್ಟೋ ಮನೆಗಳು ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿವೆ. ಬರೆ ಕಡೆಯ ಕೋಣೆ ಯಾವಾಗಲೂ ತಣ್ಣಗೆ, ಒದ್ದೆ ಒದ್ದೆ. ಅದೇ ಮನೆಯ ಅಂಗಳದ ಕಡೆಯ ಕೋಣೆ ಒಣಗಿರುತ್ತೆ. ಒಂದೇ ಸೂರಿನಡಿ ಎರಡು ಹವಾಮಾನ! ಹಾಗಾಗಿ ‘ಇಡೀ ಮನೆಗೆ ಒಂದೇ ನೆಲ’ ಅನ್ನೋ ಹಟ ಬೇಡ.

ತೋಟದವರಿಗೆ ತೇವದ ಲೆಕ್ಕ ಹೊಸದೇನಲ್ಲ. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇ 10ಕ್ಕೆ ಇಳಿಯುವವರೆಗೂ ಒಣಗಿಸಬೇಕು ಅಂತ ಇಲ್ಲಿನವರಿಗೆ ಗೊತ್ತು. ಒಣಗಿದ ಮೇಲೆ ಚೀಲವನ್ನು ಸೀದಾ ನೆಲದ ಮೇಲೆ ಇಡ್ತೀರಾ? ಇಲ್ಲ. ಹಲಗೆ ಹಾಕಿ, ಗೋಡೆಯಿಂದ ಒಂದಿಷ್ಟು ದೂರ ಬಿಟ್ಟು ಇಡ್ತೀರಿ. ನೆಲ ತೇವ ಕೊಡುತ್ತೆ ಅಂತ ಗೊತ್ತಿದ್ದೇ ಅಲ್ವಾ? ಮರದ ಹಲಗೆಯೂ ಕಾಫಿ ಬೀಜದ ಹಾಗೇ ಗಾಳಿಯ, ನೆಲದ ತೇವ ಕುಡಿಯುತ್ತೆ, ಊದುತ್ತೆ.

ಐವತ್ತು ರೂಪಾಯಿಯೊಳಗಿನ ಪರೀಕ್ಷೆ

ಶೋರೂಮಿಗೆ ಹೋಗುವ ಮೊದಲು ಇದನ್ನು ಮಾಡಿ. ದಪ್ಪನೆಯ, ತೂತಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ತುಂಡು ಮಾಡಿ. ನೆಲ ಒರೆಸಿ, ಒಣಗಿಸಿ, ನಾಲ್ಕೂ ಬದಿಗೆ ಟೇಪು ಹಚ್ಚಿ ಗಾಳಿಯಾಡದ ಹಾಗೆ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು. ಒಂದು ಇಡೀ ದಿನ ಬಿಟ್ಟರೆ ಇನ್ನೂ ಒಳ್ಳೇದು. ಪ್ರತಿ ಕೋಣೆಯಲ್ಲಿ ಎರಡು ಕಡೆ ಮಾಡಿ, ಒಂದು ಬರೆ ಕಡೆಯ ಗೋಡೆ ಪಕ್ಕ, ಇನ್ನೊಂದು ಮಧ್ಯದಲ್ಲಿ.

ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಡಿಯ ನೆಲ ಬಣ್ಣ ಗಾಢವಾಗಿದ್ದರೆ ತೇವ ನೆಲದಿಂದ ಬರುತ್ತಿದೆ. ಹಾಳೆಯ ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ ತಣ್ಣನೆಯ ನೆಲಕ್ಕೆ ತಾಗಿ ಬೆವರಿದ್ದು. ಎರಡಕ್ಕೂ ಪರಿಹಾರ ಬೇರೆ. ಎರಡನೆಯದಕ್ಕೆ ಗಾಳಿ, ಬೆಳಕು ಸಾಕು. ಮೊದಲನೆಯದಕ್ಕೆ ಹೊರಗಿನ ಕೆಲಸ ಬೇಕು.

ಮುಖ್ಯವಾದ ಮಾತು: ಈ ಪರೀಕ್ಷೆ ಫೆಬ್ರವರಿಯಲ್ಲಿ ಮಾಡಿದರೆ ಎಲ್ಲರೂ ಪಾಸ್! ಜುಲೈ, ಆಗಸ್ಟಿನಲ್ಲಿ ಮಾಡಿ. ನಿಮಗೆ ಬರೋಕಾಗದಿದ್ದರೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಹೇಳಿಕೊಡಿ. ಬಣ್ಣದ ಸ್ಯಾಂಪಲ್ ಕಳಿಸೋದಕ್ಕಿಂತ ಉಪಯೋಗದ ಫೋಟೋ ಅಂದರೆ ಇದೇ.

ಹೊರಗಿನ ಕೆಲಸ ಮೊದಲು

ನೆಲದಿಂದ ತೇವ ಬರ್ತಿದೆ ಅಂತಾದರೆ ಬಜೆಟ್ಟಿನ ಮೊದಲ ಪಾಲು ಮನೆಯ ಹೊರಗೆ ಹೋಗಲಿ. ಬರೆಯ ಬುಡದಲ್ಲಿ ಚರಂಡಿ ಇದೆಯಾ, ಎಲೆ ಕಟ್ಟಿಕೊಂಡಿದೆಯಾ ನೋಡಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಬೆಳೆದಿದ್ದರೆ ತೆಗೆಸಿ. ವರ್ಷ ವರ್ಷ ಕಸ, ಗೊಬ್ಬರ, ಹೂಕುಂಡ ಅಂತ ಅದು ಏರಿರುತ್ತೆ. ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ದೋಣಿ ಕೂರಿಸಿ. ಒಡೆದ ಮಂಗಳೂರು ಹೆಂಚು ಬದಲಿಸಿ. ಈ ಕೆಲಸದ ಫೋಟೋ ಯಾರೂ ಸ್ಟೇಟಸ್‌ಗೆ ಹಾಕಲ್ಲ, ನಿಜ. ಆದರೆ ಇದಾದ ಮೇಲೆ ಎಷ್ಟೋ ಕೋಣೆಗಳು ತಾವಾಗಿಯೇ ಒಣಗ್ತವೆ.

ಗೆದ್ದಲನ್ನೂ ಮರೆಯಬೇಡಿ. ಕಟ್ಟಿದ ಮನೆಗೆ ಗೆದ್ದಲು ಮದ್ದು ಹೊಡೆಯುವ ವಿಧಾನಕ್ಕೆ ಐಎಸ್ 6313 ಅನ್ನೋ ಭಾರತೀಯ ಮಾನದಂಡದ ಮೂರನೇ ಭಾಗ ಇದೆ. ಕೆಲಸಕ್ಕೆ ಬರುವವರಿಗೆ ಆ ಪ್ರಕಾರ ಮಾಡಿ ಅಂತ ಹೇಳಿ. ಹೊಸ ನೆಲ ಹಾಸಿದ ಮೇಲೆ ನೆನಪಾದರೆ ತಡವಾಯ್ತು.

ಈಗ ಅಂಗಡಿಗೆ ಬನ್ನಿ

*ಪೂರಾ ಮರ.* ತೇಗ, ಹೊನ್ನೆ, ನಂದಿ, ಹಲಸು ಅಂತ ಕೊಡಗಿನ ಹಳೇ ಮನೆಗಳಲ್ಲಿ ಮರಕ್ಕೆ ಬರವಿಲ್ಲ. ಆದರೆ ಗಮನಿಸಿ, ಹಿರಿಯರು ಮರದ ಹಲಗೆ ಹಾಸಿದ್ದು ಹೆಚ್ಚಾಗಿ ಮಹಡಿಗೆ, ಅಟ್ಟಕ್ಕೆ. ಅಲ್ಲಿ ಅಡಿಯಿಂದಲೂ ಗಾಳಿಯಾಡುತ್ತೆ. ಮಣ್ಣಿಗೆ ತಾಗುವ ನೆಲಕ್ಕೆ ಗಾರೆ. ಈಗ ನೆಲಮಟ್ಟದಲ್ಲಿ ಪೂರಾ ಮರ ಹಾಕಿಸಬೇಕೆಂದರೆ ಚೆನ್ನಾಗಿ ಸೀಸನ್ ಆದ ಮರ, ಅಡಿಯಲ್ಲಿ ಗಾಳಿ ಓಡಾಡುವ ಜಾಗ, ಒಳ್ಳೇ ಬಡಗಿ ಮೂರೂ ಬೇಕು. ತೋಟದ್ದೇ ಬೀಟೆ, ತೇಗ ಕಡಿಸೋಣ ಅಂದುಕೊಂಡರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಎತ್ತಬೇಡಿ. ಹಳೇ ಮನೆ ಕೆಡವಿದಾಗ ಸಿಗುವ ತೊಲೆ, ಹಲಗೆ ಒಳ್ಳೇ ದಾರಿ. ವರ್ಷಗಟ್ಟಲೆ ಒಣಗಿದ ಮರ ಅದು. ಮೊಳೆ ಮತ್ತು ಗೆದ್ದಲು ನೋಡಿ ತಗೊಳ್ಳಿ, ಖರೀದಿ ರಸೀದಿ ಇಟ್ಟುಕೊಳ್ಳಿ.

*ಇಂಜಿನಿಯರ್ಡ್ ವುಡ್.* ಮೇಲೆ ತೆಳ್ಳನೆಯ ನಿಜ ಮರದ ಪದರ, ಅಡಿಯಲ್ಲಿ ಅಡ್ಡಡ್ಡ ಅಂಟಿಸಿದ ಪ್ಲೈ. ಪೂರಾ ಮರಕ್ಕಿಂತ ಕಡಿಮೆ ಕುಗ್ಗುತ್ತೆ, ಹಿಗ್ಗುತ್ತೆ. ಕಾಲಿಗೆ ಬೆಚ್ಚಗೆ. ಮೇಲ್ಪದರ ದಪ್ಪವಿದ್ದರೆ ಮುಂದೆ ಉಜ್ಜಿ ಪಾಲಿಶ್ ಮಾಡಿಸಬಹುದು. ಬೆಲೆ ಜಾಸ್ತಿ. ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಪಾಸಾದ ಕೋಣೆಗೆ ಮಾತ್ರ.

*ಲ್ಯಾಮಿನೇಟ್.* ಬೆಲೆ ಹಿಡಿಸುತ್ತೆ, ನೋಟವೂ ಚೆನ್ನ. ಆದರೆ ಒಳಗಿರೋದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮೇಲಿರೋದು ಮರದ ಚಿತ್ರ. ಜಾಯಿಂಟಿನಲ್ಲಿ ನೀರಿಳಿದರೆ ಅಂಚು ಊದುತ್ತೆ, ಊದಿದ್ದು ಮತ್ತೆ ಇಳಿಯಲ್ಲ. ನಮ್ಮ ಮನೆಗಳಲ್ಲಿ ಬಕೆಟ್ ನೀರು ಸುರಿದು ನೆಲ ಒರೆಸುವ ಅಭ್ಯಾಸ ಬೇರೆ. ಬೆಂಗಳೂರಿನ ಎಂಟನೇ ಮಹಡಿಯ ಫ್ಲಾಟಿಗೆ ಸರಿಹೋಗಿದ್ದು ಚೆಟ್ಟಳ್ಳಿಯ ನೆಲಮಟ್ಟದ ಕೋಣೆಗೆ ಸರಿಹೋಗಬೇಕೆಂದಿಲ್ಲ. ಒಣ ಮಹಡಿ ಕೋಣೆಗೆ ಆದೀತು. ಹಾಕಿಸೋದಾದರೆ ಸವೆತದ ದರ್ಜೆ ಎಸಿ3 ಅಥವಾ ಎಸಿ4 ಇರಲಿ, ಅಂಟಿನ ಹೊಗೆಗೆ ಸಂಬಂಧಿಸಿದ ಇ1 ಗುರುತು ಇದೆಯಾ ಕೇಳಿ.

*ಎಸ್‌ಪಿಸಿ.* ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ ಗಟ್ಟಿ ಹಲಗೆ, ಮೇಲೆ ಮರದ ಚಿತ್ರ, ಅದರ ಮೇಲೆ ಸವೆತ ತಡೆಯುವ ಪದರ. ನೀರಿಗೆ ಊದಲ್ಲ. ಗೆದ್ದಲಿಗೂ ಇದರಲ್ಲಿ ಊಟವಿಲ್ಲ. 4ರಿಂದ 6 ಮಿಲಿಮೀಟರ್ ದಪ್ಪ. ಒಂದಕ್ಕೊಂದು ಸಿಕ್ಕಿಸಿ ಹಾಸುವ ಬಗೆಯದು ತಗೊಂಡರೆ ಹಳೇ ನೆಲಕ್ಕೆ ಅಂಟು ಹಚ್ಚಬೇಕಿಲ್ಲ. ಬೇಡ ಅಂದಾಗ ಎತ್ತಬಹುದು. ಸವೆತದ ಪದರ ಮನೆಗೆ 0.3 ಮಿಲಿಮೀಟರ್ ಸಾಕು, ಹೋಮ್‌ಸ್ಟೇಗೆ 0.5 ಇರಲಿ. ಆದರೆ ಒಂದು ಮಾತು: ‘ವಾಟರ್‌ಪ್ರೂಫ್’ ಅನ್ನೋದು ಹಲಗೆಗೆ, ನಿಮ್ಮ ನೆಲಕ್ಕಲ್ಲ. ಅಡಿಯಿಂದ ಬರುವ ತೇವ ಅಡಿಯಲ್ಲೇ ಉಳಿದರೆ ಹಲಗೆ ಚೆನ್ನಾಗಿರುತ್ತೆ, ಮನೆ ಮುಗ್ಗಲು ವಾಸನೆ ಹೊಡೆಯುತ್ತೆ. ಸೌದೆ ಒಲೆಯ ಅಡುಗೆಮನೆಗೆ, ಬಚ್ಚಲ ಒಲೆಯ ಹತ್ತಿರ ಬೇಡ. ಕೆಂಡ ಬಿದ್ದರೆ ಸುಡುತ್ತೆ.

*ಮರದ ಡಿಸೈನಿನ ವಿಟ್ರಿಫೈಡ್ ಟೈಲ್ಸ್.* ಪೂರಾ ವಿಟ್ರಿಫೈಡ್ ಆದರೆ ತನ್ನ ತೂಕದ ಶೇ 0.5ರಷ್ಟೂ ನೀರು ಹೀರಲ್ಲ. ಕೆಸರು, ನಾಯಿ ಉಗುರು, ಕಾಫಿ ಬುಟ್ಟಿ ಯಾವುದಕ್ಕೂ ಜಗ್ಗಲ್ಲ. ಜಗಲಿ, ಅಡುಗೆಮನೆ, ಬಚ್ಚಲಿನ ಪಕ್ಕಕ್ಕೆ ಇದೇ ಸರಿ. ನುಣುಪು ಬೇಡ, ಜಾರದ ದರ್ಜೆ ಆರ್10 ಅಥವಾ ಆರ್11 ಕೇಳಿ. ನಾಲ್ಕಡಿ ಉದ್ದದ ಹಲಗೆಯಾಕಾರದ ಟೈಲ್ಸ್ ನಡುವೆ ಕೊಂಚ ಬಾಗಿರುವುದುಂಟು. ಹಾಗಾಗಿ ಸಾಲಿಂದ ಸಾಲಿಗೆ ಅರ್ಧಕ್ಕೆ ಸರಿಸದೆ ಮೂರನೇ ಒಂದು ಭಾಗ ಸರಿಸಿ ಕೂರಿಸಲು ಹೇಳಿ, ಇಲ್ಲದಿದ್ದರೆ ಅಂಚು ಕಾಲಿಗೆ ತಾಗುತ್ತೆ. ಕೊರತೆ ಎರಡು: ಕಾಲಿಗೆ ತಣ್ಣಗೆ, ಮತ್ತು ಒಮ್ಮೆ ಕೂರಿಸಿದರೆ ಹಳೇ ನೆಲ ಮರಳಿ ಸಿಗಲ್ಲ.

ಮಹಡಿಯಲ್ಲಿ ಭಾರದ ಲೆಕ್ಕ

ಮರದ ತೊಲೆ ಮೇಲೆ ನಿಂತ ಮಹಡಿಗೆ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಒಂದು ನಿಮಿಷ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ ಅಂದರೆ ಸುಮಾರು 11 ಚದರ ಮೀಟರ್. 4 ಸೆಂಟಿಮೀಟರ್ ಸಿಮೆಂಟ್ ಗಾರೆ, ಮೇಲೆ ಟೈಲ್ಸ್ ಸೇರಿದರೆ ಚದರ ಮೀಟರಿಗೆ ಹೆಚ್ಚುಕಡಿಮೆ 100 ಕಿಲೋ. ಒಟ್ಟು ಒಂದು ಟನ್ನಿಗೂ ಮೇಲೆ. ಅಂದರೆ ಒಂದು ಕಾರು ತಂದು ಮಹಡಿ ಮೇಲೆ ಶಾಶ್ವತವಾಗಿ ನಿಲ್ಲಿಸಿದ ಹಾಗೆ! ಅದೇ 5 ಮಿಲಿಮೀಟರ್ ಎಸ್‌ಪಿಸಿ ಆದರೆ ಇಡೀ ಕೋಣೆಗೆ 110 ಕಿಲೋ ಆಸುಪಾಸು.

ಅದಕ್ಕಿಂತ ಮೊದಲು, ಮಹಡಿಯಲ್ಲಿ ಈಗ ಇರೋದೇನು ಅಂತ ನೋಡಿ. ಹಳೇ ಶೀಟು, ಬಣ್ಣದ ಪದರದ ಅಡಿಯಲ್ಲಿ ನಿಜವಾದ ಹಲಗೆ ಇರಬಹುದು. ಮರದ ಮೇಲೆ ಮರದ ಚಿತ್ರ ಹಾಸೋದು ಯಾಕೆ? ಸಡಿಲಾದ ಹಲಗೆ ಬಿಗಿಸಿ, ಕೆಟ್ಟ ಒಂದೆರಡನ್ನು ಬದಲಿಸಿ, ಮೇಲ್ಮೈ ಉಜ್ಜಿಸಿ, ಪಾಲಿಶ್ ಕೊಡಿಸಿ. ಅಂಗಡಿಯಲ್ಲಿ ಸಿಗುವ ಯಾವ ಹಲಗೆಗೂ ಆ ಕಳೆ ಬರಲ್ಲ.

ಕೆಂಪು ನೆಲವನ್ನು ಒಡೆಸಬೇಡಿ

ರೆಡ್ ಆಕ್ಸೈಡ್ ನೆಲ ಚೆನ್ನಾಗಿದ್ದರೆ ಅದು ಆಸ್ತಿ. ದಿನಗಟ್ಟಲೆ ಕೈಯಲ್ಲಿ ಉಜ್ಜಿ ಹೊಳಪು ತಂದ ಕೆಲಸ ಅದು. ಅಂಥ ಕೈ ಈಗ ಹುಡುಕಿದರೂ ಸಿಗೋದು ಕಷ್ಟ. ಸಣ್ಣ ಬಿರುಕಿಗೆ ತೇಪೆ ಹಾಕಿಸಬಹುದು, ಬಣ್ಣ ಪೂರ್ತಿ ಹೊಂದಲ್ಲ, ಪರವಾಗಿಲ್ಲ. ಆ್ಯಸಿಡ್ ಹಾಕಿ ತೊಳೆಯಬೇಡಿ, ಹೊಳಪು ಸಾಯುತ್ತೆ. ಥಂಡಿ ಒಂದೇ ಸಮಸ್ಯೆ ಆದರೆ ಮಂಚದ ಪಕ್ಕ, ಕುರ್ಚಿಯ ಅಡಿ ಹತ್ತಿಯ ಜಮಖಾನ ಹಾಸಿ. ಬಿಸಿಲು ಬಂದಾಗ ಹೊರಗೆ ಹಾಕಿ ಒಣಗಿಸಬಹುದು. ಅಡಿಯಲ್ಲಿ ಜಾರದ ಜಾಲರಿ ಇರಲಿ. ಖರ್ಚು ಎಷ್ಟು ಕಡಿಮೆ ನೋಡಿ!

ಹಾಸಲೇಬೇಕು ಅಂದರೆ ಅಂಟಿಲ್ಲದೆ ಹಾಸಿ. ಒಡೆಸಿದ ಕೆಂಪು ನೆಲ ಮತ್ತೆ ಬರಲ್ಲ. ಹಾಸಿದ್ದನ್ನು ಎತ್ತಬಹುದು. ಅನುಮಾನ ಇದ್ದಾಗಲೆಲ್ಲ ವಾಪಸ್ ಬರುವ ದಾರಿ ಇರುವುದನ್ನೇ ಆರಿಸಿ.

ಹೊಸ್ತಿಲು, ಬಾಗಿಲು ಮತ್ತು ಅಜ್ಜಿ

ಇದನ್ನು ಯಾರೂ ಕ್ಯಾಟಲಾಗಿನಲ್ಲಿ ಬರೆಯಲ್ಲ. ಹಳೇ ನೆಲದ ಮೇಲೆ ಗಾರೆ, ಟೈಲ್ಸ್ ಬಂದರೆ ನೆಲ ಎರಡಿಂಚು ಏರುತ್ತೆ. ಬಾಗಿಲು ತಾಗುತ್ತೆ, ಕೊಯ್ಯಬೇಕು. ಕೆತ್ತನೆಯ ಹಳೇ ಬಾಗಿಲನ್ನು ಕೊಯ್ಯೋಕೆ ಮನಸ್ಸು ಬರುತ್ತಾ? ಒಂದು ಕೋಣೆ ಏರಿ ಪಕ್ಕದ್ದು ತಗ್ಗಿದ್ದರೆ ನಡುವೆ ಒಂದು ಸಣ್ಣ ಮೆಟ್ಟಿಲು ಹುಟ್ಟುತ್ತೆ. ಎಪ್ಪತ್ತು ವರ್ಷ ಒಂದೇ ಮಟ್ಟದಲ್ಲಿ ನಡೆದ ಕಾಲಿಗೆ ಅದು ರಾತ್ರಿ ಕತ್ತಲಲ್ಲಿ ಕಾಣಲ್ಲ. ಎತ್ತರ ಬದಲಾಗುವ ಕಡೆ ಇಳಿಜಾರಿನ ಪಟ್ಟಿ ಹಾಕಿಸಿ, ಬಣ್ಣ ಬೇರೆ ಇರಲಿ. ನೆಲ ಆರಿಸುವಾಗ ಒದ್ದೆ ಕಾಲಲ್ಲಿ ಸ್ಯಾಂಪಲ್ ಮೇಲೆ ನಿಂತು ನೋಡಿ. ಹಿರಿಯರಿಗೆ ಒಂದು ಬಿದ್ದ ಪೆಟ್ಟು ಅಂದರೆ ತಿಂಗಳುಗಟ್ಟಲೆ ಹಾಸಿಗೆ.

ಕೋಣೆ ಪ್ರಕಾರ ಒಂದು ಸರಳ ಪಟ್ಟಿ

- ಜಗಲಿ, ಅಡುಗೆಮನೆ, ಬಚ್ಚಲಿನ ಪಕ್ಕ: ಜಾರದ ಟೈಲ್ಸ್, ಇಲ್ಲವೇ ಇರುವ ನೆಲ.
- ಅಂಗಳದ ಕಡೆಯ ಒಣ ಕೋಣೆ: ಎಸ್‌ಪಿಸಿ ಅಥವಾ ಇಂಜಿನಿಯರ್ಡ್ ವುಡ್.
- ಬರೆ ಕಡೆಯ ಕೋಣೆ: ಮೊದಲು ಚರಂಡಿ ಸರಿಮಾಡಿ, ಒಂದು ಮಳೆಗಾಲ ಕಾಯಿರಿ, ಆಮೇಲೆ ತೀರ್ಮಾನ.
- ಮಹಡಿ: ಹಳೇ ಹಲಗೆಗೆ ಪಾಲಿಶ್. ಇಲ್ಲದಿದ್ದರೆ ಹಗುರದ ಹಾಸು.
- ನೆಲ್ಲಕ್ಕಿ ನಡುಬಾಡೆ, ದೇವರ ದೀಪ ಇಡುವ ಜಾಗ: ಮನೆಯ ಹಿರಿಯರನ್ನು ಕೇಳಿ. ಅಲ್ಲಿ ಮುಟ್ಟದಿರುವುದೇ ಒಳ್ಳೇದು.

ಅಂಗಡಿಯಲ್ಲಿ, ಕೆಲಸದಲ್ಲಿ ಕೇಳಲೇಬೇಕಾದ್ದು

- ವಾರಂಟಿಯಲ್ಲಿ ನೆಲದಡಿಯ ತೇವದಿಂದ ಆಗುವ ಹಾನಿ ಸೇರಿದೆಯಾ? ಬರಹದಲ್ಲಿ ತೋರಿಸಿ ಅನ್ನಿ.
- ದರದಲ್ಲಿ ಅಡಿಹಾಸು, ಸ್ಕರ್ಟಿಂಗ್, ಸಾಗಾಟ, ಬಾಗಿಲು ಕೊಯ್ಯುವ ಕೂಲಿ ಸೇರಿದೆಯಾ?
- ಶೇ 7ರಿಂದ 10 ಹೆಚ್ಚು ತಗೊಳ್ಳಿ. ಹಳೇ ಮನೆಯ ಕೋಣೆಗಳು ಪೂರ್ತಿ ಚೌಕ ಇರಲ್ಲ. ಉಳಿದದ್ದು ಮುಂದೆ ರಿಪೇರಿಗೆ ಬೇಕು.
- ಹಲಗೆ ಪೆಟ್ಟಿಗೆಗಳು ಹಾಸುವ ಮೊದಲು ಕನಿಷ್ಠ ಎರಡು ದಿನ ಅದೇ ಕೋಣೆಯಲ್ಲಿರಲಿ. ಅಲ್ಲಿನ ಹವೆಗೆ ಹೊಂದಿಕೊಳ್ಳಬೇಕು.
- ಗೋಡೆ ಸುತ್ತ 8ರಿಂದ 10 ಮಿಲಿಮೀಟರ್ ಜಾಗ ಬಿಡ್ತಾರಾ? ಬಿಡದಿದ್ದರೆ ಹಿಗ್ಗಿದಾಗ ನಡುವೆ ಏಳುತ್ತೆ.
- ನೆಲದ ಏರುತಗ್ಗು ಎರಡು ಮೀಟರಿಗೆ 3 ಮಿಲಿಮೀಟರ್ ಮೀರಿದರೆ ಜಾಯಿಂಟ್ ಮುರಿಯುತ್ತೆ. ಮಟ್ಟ ಮಾಡೋದು ಹೇಗೆ ಅಂತ ಮೊದಲೇ ಕೇಳಿ.

ಯಾವಾಗ ಮಾಡಿಸೋದು?

ಕಕ್ಕಡದಲ್ಲಿ ಪರೀಕ್ಷೆ. ಕೈಲ್ ಮುಹೂರ್ತದ ಹಬ್ಬಕ್ಕೆ ಎಲ್ಲರೂ ಊರಲ್ಲಿ ಸೇರಿದಾಗ ಕೂತು ಮಾತು. ಮಳೆ ನಿಂತ ಮೇಲೆ ಚರಂಡಿ, ಹೆಂಚಿನ ಕೆಲಸ. ಹುತ್ತರಿ ಕಳೆದು ಕಾಫಿ ಕೊಯ್ಲು ಜೋರಾದಾಗ ಆಳು ಸಿಗಲ್ಲ, ಮನೆಯವರಿಗೂ ಪುರುಸೊತ್ತಿಲ್ಲ. ಕೊಯ್ಲು ಮುಗಿದು ಮುಂಗಾರಿಗೆ ಇನ್ನೂ ಸಮಯವಿರುವ ಮಾರ್ಚ್, ಏಪ್ರಿಲ್ ಒಣ ದಿನಗಳಲ್ಲಿ ನೆಲದ ಕೆಲಸ. ಬರೆ ಕಡೆಯ ಕೋಣೆಗೆ ಮಾತ್ರ ಇನ್ನೊಂದು ಕಕ್ಕಡ ಕಾಯಬೇಕು. ಒಂದು ವರ್ಷದ ಯೋಜನೆ ಅನ್ನಿ. ಒಂದೇ ದಿನದಲ್ಲಿ ಹೊಸ ಮನೆ ಆಗಲ್ಲ, ಆದರೆ ಮುಂದಿನ ಹತ್ತು ಮಳೆಗಾಲ ತಲೆನೋವಿರಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ‘ಯಾವ ಬಣ್ಣ ಇಷ್ಟ ಅಮ್ಮಾ?’ ಅಂತ ಕೇಳುವ ಮೊದಲು ‘ಮಳೆಗಾಲದಲ್ಲಿ ಯಾವ ಕೋಣೆ ನೆಲ ಒದ್ದೆಯಾಗುತ್ತೆ?’ ಅಂತ ಕೇಳಿ. ದಿನಾ ಆ ನೆಲ ಒರೆಸುವವರಿಗೆ ಉತ್ತರ ಗೊತ್ತಿರುತ್ತೆ.

*ನಿಮ್ಮ ಹಳೇ ಮನೆಯ ನೆಲವನ್ನು ಹೇಗೆ ಉಳಿಸಿಕೊಂಡಿರಿ, ಏನು ಬದಲಿಸಿದಿರಿ? ಫೋಟೋ ಜೊತೆ ನಾಲ್ಕು ಸಾಲು ಬರೆದು ಓದುಗರ ಅಂಕಣಕ್ಕೆ ಕಳಿಸಿ.*